ಕೋಳಿಗೂಡಿನ ಬಾಗಿಲಲ್ಲಿ ಒಂದು ಪ್ರಾಂತ್ಯ

ಮನೆ, ಗ್ರಾಮ, ತಾಲೂಕು, ಜಿಲ್ಲೆ ನಾಲ್ಕೂ ಇಲ್ಲದಿದ್ದರೆ ಅದು ಮದುವೆ ಕಾಗದವೇ ಅಲ್ಲ, ಹೋಟೆಲಿನ ತಿಂಡಿಪಟ್ಟಿ. ನಾನು ಓದಿದ್ದು ಐದನೇ ಕ್ಲಾಸು. ಆದರೆ ಮದುವೆ ಕಾಗದ ಓದುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನಿನ್ನೂ ನೋಡಿಲ್ಲ. ಕಾಗದ ಕೈಗೆ ಬಂದರೆ ಗಣಪತಿಯ ಚಿತ್ರ, ಮುಹೂರ್ತ, ಊಟದ ಹೊತ್ತು ಯಾವುದನ್ನೂ ನೋಡುವುದಿಲ್ಲ. ಹುಡುಗನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಊರು ನೋಡುತ್ತೇನೆ. ಆ ಎರಡು ಸಾಲಿನಿಂದ ಯಾವ ಮನೆ, ಆ ಮನೆಯವರಿಗೆ ಯಾರ ಸಂಬಂಧ, ಯಾರ ಕೂಡೆ ಕೋರ್ಟು ಕಚೇರಿ ಎಲ್ಲ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಗೊತ್ತಿರುವವರಿಗೆ ಫೋನು ಮಾಡಿದರಾಯಿತು.

ಹಾಗಾಗಿ ನನ್ನ ಮಗಳ ಮಗಳು ಪೋಲೆಂಡಿನ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ನಾನು ಎದೆ ಹಿಡಿದುಕೊಂಡು ಕೂರಲಿಲ್ಲ. ಅದನ್ನು ಅವಳ ಅಪ್ಪ ಮಾಡಿದ. ನಾನು ಕೇಳಿದ್ದು ಒಂದೇ.

"ಅವನ ಊರು ಯಾವುದು?"

"ಪೋಲೆಂಡ್, ಅಜ್ಜಿ."

"ಅದು ದೇಶ. ನಾನು ಊರು ಕೇಳಿದ್ದು."

ನಾವಿರುವುದು ಅಬುಧಾಬಿಯ ಖಲೀಫಾ ಸಿಟಿಯಲ್ಲಿ. ಒಂದು ದೊಡ್ಡ ವಿಲ್ಲಾಕ್ಕೆ ನಡುವೆ ಗೋಡೆ ಹಾಕಿ ಐದು ಮನೆ ಮಾಡಿದ್ದಾರೆ. ಅದರಲ್ಲಿ ಮೆಟ್ಟಿಲಿನ ಕೆಳಗಿನದು ನಮ್ಮದು. ನಮ್ಮ ಅಡಿಗೆಮನೆ ಯಾರದೋ ಹಜಾರವಾಗಿತ್ತಂತೆ, ಅದಕ್ಕೇ ಮೇಲೆ ಒಂದು ದೊಡ್ಡ ತೂಗುದೀಪದ ಕೊಕ್ಕೆ ಉಂಟು. ಅದಕ್ಕೆ ನಾನು ಈರುಳ್ಳಿಯ ಬುಟ್ಟಿ ಕಟ್ಟಿದ್ದೇನೆ. ಗಂಡ ಹೋದ ಮೇಲೆ ಮಗಳು ಕರೆಸಿಕೊಂಡಳು. ಅವಳು ಈ ಊರಿಗೆ ಬಂದು ಮೂವತ್ತು ವರ್ಷ ದಾಟಿತು.

ಹುಡುಗ ಆರಡಿಗಿಂತ ಎತ್ತರ, ಹುಬ್ಬು ಉಂಟೋ ಇಲ್ಲವೋ ತಿಳಿಯದಷ್ಟು ಬಿಳಿ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕಾರ್ಖಾನೆಯಲ್ಲಿ ಡಬ್ಬಿ ತುಂಬಿಸುವ ಯಂತ್ರ ರಿಪೇರಿ ಮಾಡುತ್ತಾನೆ. ನನ್ನ ಮೊಮ್ಮಗಳಿಗೆ ಅದೇ ಕಾರ್ಖಾನೆಯಲ್ಲಿ ಮುಚ್ಚಳ ಸರಿ ಕೂತಿದೆಯೇ ಎಂದು ನೋಡುವ ಕೆಲಸ. ಅವನ ಯಂತ್ರದಿಂದ ಬಂದ ಮುಚ್ಚಳ ಒಂದೂ ಸರಿ ಕೂರುತ್ತಿರಲಿಲ್ಲವಂತೆ, ದಿನಾ ಬೈಯಲಿಕ್ಕೆ ಹೋಗಿ ಪರಿಚಯವಾಯಿತಂತೆ.

ಅವನು ಮೊದಲ ಸಲ ಮನೆಗೆ ಬಂದಾಗ ನೀರುದೋಸೆ ಎದುರಿಗಿಟ್ಟು ವಿಚಾರಣೆ ಶುರು ಮಾಡಿದೆ. ಮೊಮ್ಮಗಳು ನಡುವೆ ಕೂತು ನನ್ನ ಮಾತನ್ನು ಇಂಗ್ಲಿಷಿಗೂ ಅವನ ಮಾತನ್ನು ನಮಗೂ ತರುತ್ತಿದ್ದಳು.

"ಮನೆಯ ಹೆಸರೆಂತ?"

"ಹೆಸರಿಲ್ಲ ಅಜ್ಜಿ. ನಂಬರ್ ಮಾತ್ರ ಅಂತೆ."

"ನಂಬರು ಜೈಲಿನಲ್ಲಿ ಕೊಡುವುದು. ಮನೆ ಎದುರು ಎಂತ ಉಂಟು ಕೇಳು."

ಹುಳಿ ಚೆರಿಯ ಮರ ಉಂಟಂತೆ. "ಹಾಗಾದರೆ ಚೆರಿಮರದ ಮನೆ. ಬರಕೊ," ಎಂದೆ. ಹುಡುಗ ನಗಲಿಲ್ಲ, ಪಾಪ, ಫೋನಿನಲ್ಲಿ ಬರೆದುಕೊಂಡ. ಮುಂದೆ ಗ್ರಾಮ. ಅದಕ್ಕೆ ಅವರು ಗ್ಮೀನಾ ಎನ್ನುತ್ತಾರೆ. ತಾಲೂಕಿನ ಹಾಗಿರುವುದಕ್ಕೆ ಪೊವ್ಯಾತ್. ಅದರ ಮೇಲಿನದಕ್ಕೆ ಇರುವ ಶಬ್ದ ವೊಯೆವುತ್ಸ್ತ್ವೊ. ನನ್ನ ಹಲ್ಲಿನ ಸೆಟ್ಟಿಗೆ ಅದು ಆಗುವ ಹೋಗುವ ಮಾತಲ್ಲ. ಪ್ರಾಂತ್ಯ ಎಂದುಕೊಂಡೆ, ನನ್ನ ಅಜ್ಜಿಯ ಕಾಲದಲ್ಲಿ ಮದ್ರಾಸ್ ಪ್ರಾಂತ್ಯ ಇದ್ದ ಹಾಗೆ.

"ಪ್ರಾಂತ್ಯ ಯಾವುದು?"

ಹುಡುಗ ಮೊಮ್ಮಗಳ ಮುಖ ನೋಡಿದ. ಮತ್ತೆ ದೋಸೆ ನೋಡಿದ. "ಸೈಲೀಷಿಯಾ" ಎಂದ. ಆ ತಡವರಿಕೆಯನ್ನು ನಾನು ಆವಾಗಲೇ ಹಿಡಿಯಬೇಕಿತ್ತು. ದೋಸೆ ಬಿಸಿ ಎಂದುಕೊಂಡೆ.

ಅವನಿಗೆ ತಾಯಿ ಇಲ್ಲ. ಅವನು ಆರು ವರ್ಷದವನಿರುವಾಗ ತೀರಿಹೋದಳು. ಅಪ್ಪ ಬೇರೆ ಮದುವೆಯಾಗಿ ಬೇರೆ ದೇಶ ಸೇರಿದ. ಇವನನ್ನು ಸಾಕಿದ್ದು ತಾಯಿಯ ತಾಯಿ. ಅಜ್ಜಿಗೆ ಅವರಲ್ಲಿ ಬಾಬ್ಚಾ ಎನ್ನುತ್ತಾರೆ. ಇದು ಕೇಳಿ ನನಗೆ ಸಮಾಧಾನವಾಯಿತು. ನಮ್ಮದು ಅಳಿಯಸಂತಾನದ ಮನೆ. ಮಕ್ಕಳು ತಾಯಿಯ ಮನೆಗೆ ಸೇರಿದವರು, ಅಪ್ಪನ ಮನೆಯ ಸುದ್ದಿ ಕಾಗದದಲ್ಲಿ ಬಂದರೂ ಸೈ, ಬಾರದಿದ್ದರೂ ಸೈ. "ಅಡ್ಡಿಯಿಲ್ಲ, ಇವ ನಮ್ಮ ಕ್ರಮದವನೇ," ಎಂದೆ. ನಮ್ಮ ಬರಿ, ಅಂದರೆ ತಾಯಿಯ ಕಡೆಯ ಕುಲ, ಮತ್ತು ಅವನದು ಒಂದೇ ಆಗಿರಬಾರದು ಎಂದು ಅದನ್ನೂ ಕೇಳಿದೆ. ಅವರಲ್ಲಿ ಬರಿ ಇಲ್ಲವಂತೆ. "ಅಮ್ಮ, ನಿಮಗೆ ಮರ್ಲಾ, ತಲೆ ಸರಿ ಉಂಟಾ?" ಎಂದು ಮಗಳು ಒಳಗಿನಿಂದ ಕೂಗಿದಳು. ಕೇಳುವುದು ನನ್ನ ಕೆಲಸ, ಕೇಳಿದೆ.

ಸರಕಾರದ ನೋಂದಣಿ ಇಲ್ಲಿಯೇ ಅಬುಧಾಬಿಯಲ್ಲಿ, ಮರುದಿನ ಒಂದು ಹಾಲಿನಲ್ಲಿ ನಮ್ಮ ಕ್ರಮದ ಧಾರೆ ಎಂದು ನಿಶ್ಚಯವಾಯಿತು. ಧಾರೆಯೆಂದರೆ ಹುಡುಗ ಹುಡುಗಿಯ ಕೈ ಕೂಡಿಸಿ ಎರಡೂ ಕಡೆಯ ಹಿರಿಯರು ಗಿಂಡಿ ಹಿಡಿದು ನೀರೆರೆಯುವುದು. ಹುಡುಗನ ಕಡೆ ಗಿಂಡಿಗೆ ಕೈ ಕೊಡಲಿಕ್ಕೆ ಭೂಮಿಯ ಮೇಲೆ ಇದ್ದದ್ದು ಆ ಬಾಬ್ಚಾ ಒಬ್ಬಳೇ. ಅವಳ ವಯಸ್ಸು ಹೆಚ್ಚುಕಡಿಮೆ ನನ್ನಷ್ಟೇ, ಒಂದು ನಾಲ್ಕು ವರ್ಷ ಹೆಚ್ಚು. ವಿಮಾನ ಹತ್ತಿದವಳಲ್ಲ. ಮೊಮ್ಮಗನಿಗಾಗಿ ಹತ್ತುತ್ತೇನೆ ಎಂದಿದ್ದಳು.

ಕಾಗದ ಮಾಡಿಸಲಿಕ್ಕೆ ಬರ್ ದುಬೈಗೆ ಹೋದೆವು. ದೇವಸ್ಥಾನದ ಓಣಿಯ ಹತ್ತಿರ ಒಬ್ಬ ಕುಂದಾಪುರದವನ ಅಂಗಡಿ ಉಂಟು, ಕನ್ನಡ ಅಕ್ಷರ ತಪ್ಪಿಲ್ಲದೆ ಕೂರಿಸುತ್ತಾನೆ. ನಾನು ಹೇಳುತ್ತಾ ಹೋದೆ, ಅವನು ಕಂಪ್ಯೂಟರಿನಲ್ಲಿ ಒತ್ತುತ್ತಾ ಹೋದ. ಸೈಲೀಷಿಯಾಕ್ಕೆ ಬಂದಾಗ ನಿಲ್ಲಿಸಿದ.

"ಪೋಲೆಂಡ್ ಅಂದೇಳಿ ಹಾಕ್ರೆ ಸಾಕಲ್ದಾ, ಅಜ್ಜಿ?"

"ನಿನ್ನ ಮಗಳ ಮದುವೆಗೆ ಇಂಡಿಯಾ ಅಂತ ಹಾಕಿ ಬಿಡ್ತೀಯಾ?"

"ಅದಲ್ಲ. ಯಾರಿಗೆ ತಿಳಿತ್?"

"ತಿಳಿಯುವವರಿಗೆ ತಿಳಿಯುತ್ತದೆ. ದೊಡ್ಡ ಅಕ್ಷರದಲ್ಲಿ ಹಾಕು."

ತಿಳಿಯುವವಳಿಗೆ ತಿಳಿಯಿತು. ಒಂದು ಬದಿ ಕನ್ನಡ, ಒಂದು ಬದಿ ಇಂಗ್ಲಿಷ್ ಇದ್ದ ಆ ಕಾಗದದ ಚಿತ್ರವನ್ನು ಹುಡುಗ ಪೋಲಿಷಿನಲ್ಲಿ ಅರ್ಥ ಬರೆದು ಅಜ್ಜಿಯ ಫೋನಿಗೆ ಕಳಿಸಿದ. ಎರಡು ದಿನ ಸುದ್ದಿಯಿಲ್ಲ. ಶನಿವಾರ ಅವನೂ ಮೊಮ್ಮಗಳೂ ಒಟ್ಟಿಗೆ ಬಂದರು. ಅವನ ಕಿವಿ ಕೆಂಪಗಾಗಿತ್ತು. ಅವಳು ಉಗುರು ಕಚ್ಚುತ್ತಿದ್ದಳು.

"ಅವನ ಅಜ್ಜಿ ಬರುವುದಿಲ್ಲವಂತೆ," ಎಂದಳು.

"ವಿಸಾ ಆಗಲಿಲ್ಲವಾ?"

"ವಿಸಾ ಅಲ್ಲ. ಕಾರ್ಡ್."

"ಕಾರ್ಡಿಗೆ ಎಂತಾಯ್ತು? ಗಣಪತಿ ಬೇಡವಂತಾ?"

"ಗಣಪತಿ ಕ್ಯೂಟ್ ಅಂತೆ. ಚೆರಿಮರದ ಮನೆ ಓದಿ ನಕ್ಕಿದ್ದಾರೆ. ಕೆಳಗಿನ ಲೈನ್ ಓದಿ ಫೋನ್ ಆಫ್ ಮಾಡಿದ್ದಾರೆ."

ಎರಡು ದಿನ ಬಿಟ್ಟು ಫೋನು ಆನ್ ಮಾಡಿ ಆ ಹೆಂಗಸು ಅವನಿಗೆ ಹೇಳಿದ್ದಿಷ್ಟು: ನಾನು ಸೈಲೀಷಿಯಾದವಳಲ್ಲ, ನನ್ನ ಮೊಮ್ಮಗನೂ ಅಲ್ಲ. ಆ ಕಾಗದದಲ್ಲಿರುವ ಹುಡುಗ ಯಾರೋ ಬೇರೆಯವನು. ಅವನ ಮದುವೆಗೆ ಅವನ ಅಜ್ಜಿಯನ್ನೇ ಕರೆಯಿರಿ.

ನನಗೆ ಆ ಹೆಂಗಸು ಆಗಲೇ ಇಷ್ಟವಾದಳು. ಆದರೆ ಕೆಲಸ ಕೆಟ್ಟಿತ್ತು. ಹುಡುಗ ಕುರ್ಚಿಯಲ್ಲಿ ಮುದುಡಿ ಕೂತು ಇಂಗ್ಲಿಷಿನಲ್ಲಿ ಎಂತದೋ ಹೇಳಿದ. ಅಜ್ಜಿ ಬಾರದೆ ಮಂಟಪ ಹತ್ತುವುದಿಲ್ಲ, ಬೇಕಾದರೆ ಮುಂದಿನ ವರ್ಷಕ್ಕೆ ಹಾಕುವ ಎಂದನಂತೆ. ಮುಂದಿನ ವರ್ಷಕ್ಕೆ ಬಾಬ್ಚಾ ಇರಬೇಕಲ್ಲ, ಅವಳಿದ್ದರೂ ನಾನಿರಬೇಕಲ್ಲ.

"ನಿಮಗೆ ಯಾರು ಅಜ್ಜಿ ತಾಲೂಕು ಜಿಲ್ಲೆ ಎಲ್ಲ ಹಾಕ್ಲಿಕ್ಕೆ ಹೇಳಿದ್ದು?" ಮೊಮ್ಮಗಳ ದನಿ ಒಡೆಯುವುದರಲ್ಲಿತ್ತು. "ಹಾಲ್‌ನ ಲೊಕೇಶನ್ ಹಾಕಿದ್ರೆ ಮುಗೀತಿತ್ತು. ನೀವೇ ಮಾಡಿದ್ದು, ನೀವೇ ಸರಿ ಮಾಡಿ."

"ಸುಳ್ಳು ಪ್ರಾಂತ್ಯ ಹೇಳಿದ್ದು ನಿನ್ನ ಹುಡುಗ."

"ಸುಳ್ಳಲ್ಲ! ಈಗ ಅದೇ ಇರೋದು!"

ಅಲ್ಲಿಗೆ ನನಗೆ ವಾಸನೆ ಹೊಡೆಯಿತು. ಇಂಥ ಜಗಳ ನಾನು ಕಂಡಿದ್ದೇನೆ.

ವಿಡಿಯೋದಲ್ಲಿ ಮಾತಾಡಿದೆವು. ಅವಳ ಕಡೆಯ ಮಾತು ಪೋಲಿಷಿನಿಂದ ಇಂಗ್ಲಿಷಿಗೆ ಹುಡುಗನ ಕೈಯಲ್ಲಿ, ಇಂಗ್ಲಿಷಿನಿಂದ ನನಗೆ ಮೊಮ್ಮಗಳ ಕೈಯಲ್ಲಿ. ತಲೆಗೆ ಹಳದಿ ಬಟ್ಟೆ ಕಟ್ಟಿದ ದಪ್ಪ ಹೆಂಗಸು, ಗಲ್ಲ ನನ್ನದಕ್ಕಿಂತ ಗಟ್ಟಿ. ಮೊದಲಿಗೇ ಒಂದು ನಿಮಿಷ ಉಸಿರು ತೆಗೆಯದೆ ಮಾತಾಡಿದಳು, ಮೇಜಿಗೆ ಎರಡು ಸಲ ಗುದ್ದಿದಳು.

"ಅವರಿಗೆ ಸ್ವಲ್ಪ ಬೇಜಾರಾಗಿದೆಯಂತೆ," ಎಂದಳು ಮೊಮ್ಮಗಳು.

"ಇಷ್ಟು ಗುದ್ದಿದ್ದಕ್ಕೆ ಇಷ್ಟೇ ಅರ್ಥವಾ? ಬೈದದ್ದು ಬೈದ ಹಾಗೆ ಹೇಳು."

ಆಮೇಲೆ ಸರಿಯಾಗಿ ಹೇಳಿದರು. ಒಂದು ಕಾಲದಲ್ಲಿ ಅಕ್ಕಪಕ್ಕದ ಮೂರು ರಾಜರು ಸೇರಿ ಪೋಲೆಂಡನ್ನು ಹಲಸಿನ ಹಣ್ಣಿನ ಹಾಗೆ ಕೊಯ್ದು ಹಂಚಿಕೊಂಡರಂತೆ. ನೂರು ವರ್ಷಕ್ಕಿಂತ ಹೆಚ್ಚು ಕಾಲ ಆ ಹೆಸರಿನ ದೇಶವೇ ನಕ್ಷೆಯಲ್ಲಿ ಇರಲಿಲ್ಲವಂತೆ. ಬಾಬ್ಚಾಳ ಊರಿನ ಕಡೆ ರಷ್ಯಾದ ದೊರೆಗೆ ಹೋಯಿತು, ಸೈಲೀಷಿಯಾ ಮೊದಲೇ ಜರ್ಮನಿಯ ದೊರೆಯ ಕೈಯಲ್ಲಿತ್ತು. ನಡುವೆ ದಾಟಿದರೆ ಮೊಣಕಾಲು ನೆನೆಯುವಷ್ಟು ಹೊಳೆ. ಹೊಳೆಯ ಆಚೆಯವರು ಗಣಿಯವರು, ಅವರ ಮಾತು ಬೇರೆ, ಅಡಿಗೆ ಬೇರೆ, ಭಾನುವಾರ ಉಡುವ ಬಟ್ಟೆ ಬೇರೆ. ದೇಶ ಮತ್ತೆ ಒಂದಾದ ಮೇಲೂ ಇವಳ ಊರು ಬೇರೆ ಪ್ರಾಂತ್ಯದಲ್ಲಿಯೇ ಇತ್ತು. ಇವಳು ಹುಟ್ಟಿದ್ದು ಕೆಲ್ಟ್ಸೆ ಎಂಬ ಪ್ರಾಂತ್ಯದಲ್ಲಿ. ಅಂಬೆಗಾಲು ಬಿಟ್ಟು ಓಡುವಷ್ಟರಲ್ಲಿ ಅದನ್ನು ಕಿತ್ತು ಕಟೊವಿತ್ಸೆ ಎಂಬಲ್ಲಿಗೆ ಸೇರಿಸಿದರು. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಸರಕಾರಕ್ಕೆ ಇನ್ನೊಂದು ಬುದ್ಧಿ ಬಂತು. ಹದಿನೇಳು ಪ್ರಾಂತ್ಯವನ್ನು ಕಡಿದು ನಲವತ್ತೊಂಬತ್ತು ಮಾಡಿದರು, ತಾಲೂಕನ್ನೇ ತೆಗೆದುಹಾಕಿದರು. ಒಬ್ಬೊಬ್ಬ ಪ್ರಾಂತ್ಯದವನೂ ಸಣ್ಣವನಾದರೆ ರಾಜಧಾನಿಗೆ ಎದುರು ಮಾತಾಡುವುದಿಲ್ಲ ಎಂದು ಲೆಕ್ಕವಂತೆ. ಆವಾಗ ಇವರ ಪೇಟೆಗೆ, ಚೆನ್ಸ್ತೊಖೋವಾಕ್ಕೆ, ತನ್ನದೇ ಪ್ರಾಂತ್ಯ ಸಿಕ್ಕಿತು.

"ಸಣ್ಣ ಪೇಟೆಯಾ?"

ಅವಳು ಕಣ್ಣು ದೊಡ್ಡದು ಮಾಡಿದಳು. ಅಲ್ಲಿ ಕರಿ ಮುಖದ ಮೇರಿಯಮ್ಮನ ದೊಡ್ಡ ಮಠ ಉಂಟು. ಇಡೀ ದೇಶದಿಂದ ಜನ ನಡೆದುಕೊಂಡು ಬರುತ್ತಾರೆ. ಅಂಥ ಪೇಟೆ.

ಇದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕರಿ ಕೃಷ್ಣನ ಮಠ ಇಟ್ಟುಕೊಂಡು ಮಂಗಳೂರಿನ ಕೆಳಗೆ ಇರುವುದು ಉಡುಪಿಯವರಿಗೆ ಎಷ್ಟು ವರ್ಷ ಗಂಟಲಲ್ಲಿ ಮುಳ್ಳಾಗಿತ್ತು ಎಂದು ನನಗೆ ಗೊತ್ತು.

"ಮತ್ತೆಂತಾಯ್ತು?"

ಮತ್ತೆ ಬೇರೆ ಸರಕಾರ ಬಂತು. ನಲವತ್ತೊಂಬತ್ತು ಹೆಚ್ಚಾಯಿತು, ಹನ್ನೆರಡು ಸಾಕು ಎಂದಿತು. ಜನ ಬೀದಿಗೆ ಬಂದರು. ಕಿತ್ತಾಡಿ ಕಿತ್ತಾಡಿ ಹದಿನಾರಕ್ಕೆ ನಿಂತಿತು. ತೆಗೆದ ತಾಲೂಕನ್ನು ಮತ್ತೆ ತಂದರು. ಎರಡು ಪ್ರಾಂತ್ಯದಲ್ಲಂತೂ ಎರಡೆರಡು ಪೇಟೆಯವರು ಹಟ ಬಿಡದೆ ಒಂದರಲ್ಲಿ ಸರಕಾರದ ಅಧಿಕಾರಿಯನ್ನೂ ಇನ್ನೊಂದರಲ್ಲಿ ಸಭೆಯನ್ನೂ ಕೂರಿಸಿದರಂತೆ. ನಾನು ನಕ್ಕುಬಿಟ್ಟೆ. ನಮ್ಮಲ್ಲಿ ಹಾಗೆ ಮಾಡಿದ್ದರೆ ಅಧಿಕಾರಿಯನ್ನು ನಡುದಾರಿಯಲ್ಲಿ ಮೂಲ್ಕಿಯ ಸೇತುವೆಯ ಮೇಲೆ ಕೂರಿಸಬೇಕಾಗುತ್ತಿತ್ತು. ನಾನು ನಕ್ಕದ್ದು ನೋಡಿ ಬಾಬ್ಚಾಳೂ ಒಂದು ಸಲ ನಕ್ಕಳು, ಮತ್ತೆ ನಗಬಾರದು ಎಂದು ನೆನಪಾಗಿ ಗಲ್ಲ ಬಿಗಿದಳು.

ಅವಳ ಪಕ್ಕದ ಒಪೊಲೆ ಎಂಬ ಪ್ರಾಂತ್ಯದವರು ಕೂಗಾಡಿ ತಮ್ಮದನ್ನು ಉಳಿಸಿಕೊಂಡರು. ಅವರದು ಎಷ್ಟು ಮಾತ್ರದ್ದು! ಇವರದು ಉಳಿಯಲಿಲ್ಲ. ಒಂದು ಜನವರಿಯಲ್ಲಿ ಬೆಳಗ್ಗೆ ಎದ್ದಾಗ ಹೊಳೆಯ ಆಚೆಯವರ ಹೆಸರು ಇವರ ಮನೆಯ ಮೇಲೆ ಬಂದು ಕೂತಿತ್ತು.

"ಅವರನ್ನು ಕೇಳು," ಎಂದೆ ಮೊಮ್ಮಗಳಿಗೆ. "ಆ ಪ್ರಾಂತ್ಯದ ಕಚೇರಿಗೆ ನೀವು ಎಷ್ಟು ಸಲ ಹೋಗಿದ್ದೀರಿ?"

ಪರದೆ ಅಲ್ಲಾಡಿತು. ಬಾಬ್ಚಾ ಫೋನು ಹಿಡಿದು ಎದ್ದು ನಡೆದಳು. ಮೊದಲು ಒಂದು ಬಾಗಿಲು ಕಂಡಿತು, ಮತ್ತೆ ಅವಳ ಚಪ್ಪಲಿ, ಹಿಮ ಕರಗಿದ ಕೆಸರು, ಎಲೆಯಿಲ್ಲದ ಒಂದು ಮರ. ಅದೇ ಚೆರಿಮರವಂತೆ, ನಾನು ಕೊಟ್ಟ ಹೆಸರಿಗಿಂತ ಮರ ಸಣ್ಣದಿತ್ತು. ಕೊನೆಗೆ ಒಂದು ಕೋಳಿಗೂಡು. ಅದರ ಬಾಗಿಲು ಹಸಿರು ತಗಡು, ಮೇಲೆ ಬಿಳಿ ಅಕ್ಷರ.

ಹುಡುಗ ತಲೆ ತಗ್ಗಿಸಿದ. ಮೊಮ್ಮಗಳು ಅವನನ್ನು ಕೇಳಿ ನನಗೆ ಹೇಳಿದಳು. ಬಾಬ್ಚಾಳ ಗಂಡ ರಸ್ತೆಯ ಬೋರ್ಡು ಬರೆಯುವ ಕೆಲಸದಲ್ಲಿದ್ದ. ಚೆನ್ಸ್ತೊಖೋವಾ ಪ್ರಾಂತ್ಯದ ಗಡಿಯಲ್ಲಿ ನಿಲ್ಲಿಸಿದ ಈ ಬೋರ್ಡು ಅವನೇ ಬರೆದದ್ದು. ಪ್ರಾಂತ್ಯ ರದ್ದಾದಾಗ ಅದನ್ನು ಕಿತ್ತು ತರಲಿಕ್ಕೂ ಅವನನ್ನೇ ಕಳಿಸಿದರು. ತಂದವನು ಗುಜರಿಗೆ ಕೊಡಲಿಲ್ಲ. ಗೂಡಿಗೆ ಬಾಗಿಲು ಬೇಕಿತ್ತು, ಮಾಡಿದ. ಮರುವರ್ಷ ಮಗಳು, ಈ ಹುಡುಗನ ತಾಯಿ, ತೀರಿಹೋದಳು. ಅದರ ಮೇಲೆ ಅವನೂ ಹೆಚ್ಚು ದಿನ ಇರಲಿಲ್ಲ.

ಬಾಬ್ಚಾ ತಗಡಿಗೆ ಬೆರಳು ಕುಟ್ಟಿ ಏನೋ ಅಂದಳು.

"ಕಚೇರಿಗೆ ಒಂದು ಸಲವೂ ಹೋಗಿಲ್ಲವಂತೆ," ಎಂದಳು ಮೊಮ್ಮಗಳು. "ಈ ಬಾಗಿಲನ್ನು ದಿನಕ್ಕೆ ಎರಡು ಸಲ ತೆರೆದು ಮುಚ್ಚುತ್ತಾರಂತೆ."

ಒಳಗಿನಿಂದ ಒಂದು ಕೋಳಿ ಕತ್ತು ಹೊರಗೆ ಹಾಕಿ ನಮ್ಮನ್ನು ನೋಡಿತು. ನಾವು ಆ ದಿನ ಅಷ್ಟಕ್ಕೇ ನಿಲ್ಲಿಸಿದೆವು.

ನಾನು ಹುಟ್ಟಿದ್ದು ಮದ್ರಾಸ್ ರಾಜ್ಯದ ಸೌತ್ ಕೆನರಾದಲ್ಲಿ. ಒಂದನೇ ಕ್ಲಾಸಿಗೆ ಸೇರುವಾಗ ಮದ್ರಾಸು, ಎರಡನೇ ಕ್ಲಾಸಿಗೆ ಹೋಗುವಷ್ಟರಲ್ಲಿ ಮೈಸೂರು. ಮಗಳು ಹೊಟ್ಟೆಯಲ್ಲಿರುವಾಗಲೂ ಮೈಸೂರು, ಅವಳಿಗೆ ಹಲ್ಲು ಮೂಡುವಾಗ ಕರ್ನಾಟಕ. ಮೊಮ್ಮಗಳು ಹುಟ್ಟಿದ ಮರುವರ್ಷ ದಕ್ಷಿಣ ಕನ್ನಡವನ್ನು ಎರಡು ಮಾಡಿ ಉಡುಪಿಯನ್ನು ಬೇರೆ ಜಿಲ್ಲೆ ಮಾಡಿದರು. ಆಮೇಲೆ ಕಾಪುವಿಗೂ ತಾಲೂಕು ಕಚೇರಿ ಬಂತು. ನಮ್ಮ ಮನೆಯ ಬಾವಿ ಒಂದು ಗೇಣು ಆಚೀಚೆ ಹೋಗಿಲ್ಲ. ಜಿಲ್ಲೆಯಾದ ದಿನ ನಮ್ಮ ಬೀದಿಯಲ್ಲಿ ಲಾಡು ಹಂಚಿದರು. ಪುತ್ತೂರಿಗೆ ಕೊಟ್ಟ ನನ್ನ ತಂಗಿ ಫೋನು ಮಾಡಿ, "ಈಗ ನೀವು ಬೇರೆ, ನಾವು ಬೇರೆ ಆದೆವಾ?" ಎಂದು ಅತ್ತಳು. "ಲಾಡು ಕಳಿಸುತ್ತೇನೆ, ಸುಮ್ಮನಿರು," ಎಂದೆ. ಸಹಿಗೆ ಮಂಗಳೂರಿಗೆ ಬಸ್ಸು ಹತ್ತುವುದು ತಪ್ಪಿತು, ನನಗೆ ಆದ ಲಾಭ ಅದೊಂದೇ. ಇಲ್ಲಿ ದುಬೈಯಲ್ಲಿ ಊರಿನವರ ಸಭೆ ಸೇರಿದರೆ ಇವತ್ತಿಗೂ ಮೈಕಿನಲ್ಲಿ "ಅವಿಭಜಿತ ದಕ್ಷಿಣ ಕನ್ನಡ" ಎನ್ನುತ್ತಾರೆ. ಆ ಹೆಸರಿನ ಜಿಲ್ಲೆ ಸರಕಾರದಲ್ಲಿ ಇಲ್ಲವೇ ಇಲ್ಲ, ಅದು ಇರುವುದು ಬ್ಯಾನರಿನಲ್ಲಿ ಮಾತ್ರ. ಬ್ಯಾನರಿನಲ್ಲಿ ಇರಬಹುದಾದರೆ ಕೋಳಿಗೂಡಿನಲ್ಲಿ ಯಾಕೆ ಇರಬಾರದು?

ಇಲ್ಲಿಯ ಸರಕಾರಕ್ಕೆ ಇದರ ಬಿಸಿ ಇರಲಿಲ್ಲ. ಹುಡುಗನ ಜನನ ಪತ್ರದಲ್ಲಿ ಚೆನ್ಸ್ತೊಖೋವಾ ಪ್ರಾಂತ್ಯ ಎಂದೇ ಇತ್ತು, ಪಾಸ್‌ಪೋರ್ಟಿನ ಜೊತೆ ಅದನ್ನೂ ಇಲ್ಲಿ ನೋಂದಣಿಗೆ ಕೊಟ್ಟಿದ್ದರು. ಕೌಂಟರಿನವರು ಮೊಹರು ಉಂಟಾ ಎಂದು ನೋಡಿದರು, ಖಲಾಸ್, ಮುಗಿಯಿತು. ಒಂದು ಪ್ರಾಂತ್ಯ ಭೂಮಿಯ ಮೇಲೆ ಉಂಟೋ ಇಲ್ಲವೋ ಎಂಬ ಚಿಂತೆ ಇದ್ದದ್ದು ಎರಡು ಮುದುಕಿಯರಿಗೆ ಮಾತ್ರ.

ಮರುದಿನ ಮತ್ತೆ ಫೋನು ಹಚ್ಚಿಸಿದೆ. "ನಮ್ಮ ಕ್ರಮದಲ್ಲಿ ಮಗು ತಾಯಿಯ ಮನೆಯದ್ದು. ಹುಡುಗನ ತಾಯಿಯ ಮನೆ ನಿಮ್ಮದು. ಆ ಮನೆ ಯಾವ ಪ್ರಾಂತ್ಯದಲ್ಲಿ ಉಂಟು ಎಂದು ಹೇಳುವವರು ನೀವು, ಸರಕಾರವಲ್ಲ. ಕಾಗದ ಬದಲಾಯಿಸುತ್ತೇನೆ. ಕೋಳಿಗೂಡಿನಲ್ಲಿ ಇದ್ದದ್ದು ಕಾಗದದಲ್ಲಿ ಬರುತ್ತದೆ. ಬರುತ್ತೀರಾ ಇಲ್ಲವಾ, ಈಗ ಹೇಳಿ," ಎಂದೆ.

ಇಬ್ಬರೂ ತರ್ಜುಮೆ ಮಾಡಿ ಮುಗಿಸುವವರೆಗೆ ಅವಳು ನನ್ನನ್ನೇ ನೋಡುತ್ತಿದ್ದಳು. ಮತ್ತೆ ಒಂದು ಪ್ರಶ್ನೆ ಹಾಕಿದಳು. ಹುಡುಗ ಅದನ್ನು ಇಂಗ್ಲಿಷಿಗೆ ತಂದ. ಮೊಮ್ಮಗಳು ನನಗೆ ಹೇಳದೆ ಮತ್ತೆ ಉಗುರು ಕಚ್ಚಿದಳು.

"ಎಂತ ಕೇಳಿದ್ದು?"

"ಹುಡುಗಿಯ ಪ್ರಾಂತ್ಯ ಯಾವುದು ಅಂತ."

"ಹೇಳು. ಉಡುಪಿ ಜಿಲ್ಲೆ, ಕಾಪು ತಾಲೂಕು."

"ಅಜ್ಜಿ, ನಾನು ಹುಟ್ಟಿದ್ದು ಇಲ್ಲಿ, ಅಬುಧಾಬಿಯಲ್ಲಿ. ಶಾಲೆ ಇಲ್ಲಿ. ಕಾಪುವಿನಲ್ಲಿ ನಾನು ಎಲ್ಲ ರಜೆ ಸೇರಿಸಿದ್ರೂ ಒಂದು ವರ್ಷ ಇದ್ದಿರ್ಲಿಕ್ಕಿಲ್ಲ. ನಿಮ್ಮದೇ ರೂಲ್ ಅಲ್ವಾ? ತಾಯಿಯ ಮನೆ ಅಂತ. ನನ್ನ ತಾಯಿಯ ಮನೆ ಯಾವುದು? ಈ ಈರುಳ್ಳಿ ಬುಟ್ಟಿ ನೇತಾಡೋ ಮನೆ."

"ಇದು ಬಾಡಿಗೆಯದ್ದು. ವಿಸಾ ಮುಗಿದರೆ ಹೊರಗೆ. ಈ ಊರಿನವರು ನಿನ್ನನ್ನು ನಮ್ಮವಳು ಎನ್ನುವುದಿಲ್ಲ."

"ಗೊತ್ತು. ಬಾಬ್ಚಾ ಹೇಳುವ ಪ್ರಾಂತ್ಯವೂ ಈಗ ಇಲ್ಲ ಅಲ್ವಾ? ಅವರಿಗೆ ಒಂದು ನ್ಯಾಯ, ನನಗೆ ಒಂದಾ?"

ಅವಳ ಅಮ್ಮ, ನನ್ನ ಮಗಳು, ಅಡಿಗೆಮನೆಯಿಂದ ಹೊರಗೆ ಬಂದು ಸೌಟು ಹಿಡಿದು 'ಈಗ ಹೇಳಿ' ಎಂಬ ಹಾಗೆ ನಿಂತಿದ್ದಳು. ಮೂವತ್ತು ವರ್ಷ ಇಲ್ಲಿ ಅನ್ನ ಬೇಯಿಸಿದವಳು. ಅವಳ ಮನೆಯನ್ನು ಅವಳೆದುರೇ ಮನೆಯಲ್ಲ ಎಂದಿದ್ದೆ. ಪರದೆಯಲ್ಲಿ ಬಾಬ್ಚಾ ಕೈ ಕಟ್ಟಿ ಕಾಯುತ್ತಿದ್ದಳು. ನನ್ನ ಕಾಲಿಗೆ ನಾನೇ ಹಗ್ಗ ಕಟ್ಟಿಕೊಂಡಿದ್ದೆ.

ನನಗೆ ಮನಸ್ಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಕಾಗದ ಓದುವ ನನ್ನಂಥ ಹೆಂಗಸರು ಊರಿನಲ್ಲಿ ಇನ್ನೂ ಹತ್ತಿಪ್ಪತ್ತು ಜನ ಇದ್ದಾರೆ. ಅವರು ಎಂತ ಹೇಳಬಹುದು ಎಂದು ನನಗೆ ಅವರಿಗಿಂತ ಮೊದಲೇ ಗೊತ್ತಿತ್ತು. ಆದರೆ ಬಾಬ್ಚಾ ಬರಬೇಕಿತ್ತು, ಹುಡುಗಿಯ ಉಗುರು ಎಲ್ಲ ಮುಗಿದಿತ್ತು.

"ಸರಿ," ಎಂದೆ. "ಖಲೀಫಾ ಸಿಟಿ, ಅಬುಧಾಬಿ. ಆದರೆ ನಮ್ಮ ಹಿರಿಯರ ತರವಾಡು ಮನೆಯ ಹೆಸರು ಮೇಲೆ ಇರುತ್ತದೆ, ಅದನ್ನು ಬಿಡುವುದಿಲ್ಲ. ಹೇಳು ಅವರಿಗೆ."

ಹೇಳಿದಳು. ಬಾಬ್ಚಾ ತಲೆಯಾಡಿಸಿ ಒಂದೇ ಶಬ್ದ ಅಂದಳು. "ಬರುತ್ತಾರಂತೆ," ಎಂದ ಹುಡುಗ ನೇರ ನನಗೇ, ಇಷ್ಟು ದಿನ ಕೇಳಿ ಕೇಳಿ ಕಲಿತ ಕನ್ನಡದಲ್ಲೇ, ಮೊಮ್ಮಗಳನ್ನು ಕಾಯದೆ. ಅವಳು ಎದ್ದು ಹೋಗಿ ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡಳು. ಮೂಗು ಸೀಟುವ ಶಬ್ದ ಹೊರಗೆ ಕೇಳುತ್ತಿತ್ತು.

ಬರ್ ದುಬೈಯ ಅಂಗಡಿಯವನು ಹೊಸ ಒಕ್ಕಣೆ ಓದಿ ಕನ್ನಡಕ ತೆಗೆದ.

"ಇದ್ಯಾವ ಪ್ರಾಂತ್ಯ, ಅಜ್ಜಿ? ಗೂಗಲ್‌ನಲ್ಲಿ ಹುಡುಕಿರೆ ಹಳೇದು, ರದ್ದಾಯ್ತ್ ಅಂದೇಳಿ ಬತ್ತ್."

"ಗೊತ್ತುಂಟು. ಹಾಕು."

"ಹುಡುಗಿದ್ ಜಿಲ್ಲೆ ತೆಗ್ದಿರಿ?"

"ತೆಗೆದೆ."

ಅವನು ಒತ್ತುತ್ತಾ ಒತ್ತುತ್ತಾ, ಕುಂದಾಪುರವೂ ಬೇರೆ ಜಿಲ್ಲೆಯಾಗಬೇಕಿತ್ತು ಎಂದು ಶುರು ಮಾಡಿದ. ನಾನು ಅಬ್ರಾ ದೋಣಿಯ ಕಡೆ ನೋಡುತ್ತಾ ಕೂತೆ. ಇನ್ನೊಬ್ಬರ ಜಿಲ್ಲೆ ಹೊರುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಕಾಗದ ಹೋದ ಮೇಲೆ ಊರಿನಿಂದ ಫೋನು ಬಂದವು. "ಹುಡುಗಿಗೆ ಜಿಲ್ಲೆಯೇ ಇಲ್ಲವಲ್ಲಾ ಅಕ್ಕ?" ಎಂದಳು ಪುತ್ತೂರಿನ ತಂಗಿ. "ಹುಡುಗನಿಗೆ ಉಂಟಲ್ಲ, ಅದರಲ್ಲೇ ಇಬ್ಬರೂ ಸುಧಾರಿಸುತ್ತಾರೆ," ಎಂದೆ.

ಬಾಬ್ಚಾ ಕೋಳಿಗಳನ್ನು ಪಕ್ಕದ ಮನೆಗೆ ವಹಿಸಿ ಬಂದಿಳಿದಳು. ಉಣ್ಣೆಯ ಕೋಟು, ಕೈಯಲ್ಲಿ ಚೆರಿಯ ಉಪ್ಪಿನಕಾಯಿಯಂಥ ಒಂದು ಜಾಡಿ. ತೆರೆದು ತಿಂದರೆ ಸಿಹಿ. ಬಂದವಳೇ ಈರುಳ್ಳಿ ಬುಟ್ಟಿಯನ್ನೂ ಅದರ ಕೊಕ್ಕೆಯನ್ನೂ ತಲೆಯೆತ್ತಿ ನೋಡಿ, ಇದು ಒಳ್ಳೆಯದು ಎಂಬ ಹಾಗೆ ಹೆಬ್ಬೆರಳು ತೋರಿಸಿದಳು.

ಧಾರೆಯ ದಿನ ಪುರೋಹಿತರು ಸಂಕಲ್ಪಕ್ಕೆ ಮೊದಲು ವರನ ಊರು ಕೇಳಿದರು. ಕಾಗದ ಕೈಗೆ ಕೊಟ್ಟೆ. ಅವರು ಮಂತ್ರದ ರಾಗದಲ್ಲೇ ಓದಿದರು, ಚೆನ್ನ ಎಂದು ಶುರು ಮಾಡಿ ಎಲ್ಲಿಗೋ ಹೋದರು. ಮಂಟಪದ ಕೆಳಗಿನಿಂದ ಬಾಬ್ಚಾ ಕೂಗಿ ತಿದ್ದಿದಳು. ಅವರು ಮತ್ತೆ ಓದಿದರು. ಅವಳು ಮತ್ತೆ ತಿದ್ದಿದಳು. ಮೂರನೇ ಸಲಕ್ಕೆ ಬಾಯಿ ತಿರುಗಿತು. ಹಾಲಿನಲ್ಲಿ ಇದ್ದವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಯಾವುದಕ್ಕೆ ಎಂದು ಅರ್ಧ ಜನಕ್ಕೂ ಗೊತ್ತಿರಲಿಲ್ಲ.

ಮತ್ತೆ ಕೈ ಕೂಡಿಸಿದರು. ಗಿಂಡಿಗೆ ಒಂದು ಕಡೆಯಿಂದ ನಾನು ಕೈ ಕೊಟ್ಟೆ, ಇನ್ನೊಂದು ಕಡೆಯಿಂದ ಅವಳು. ಅವಳ ಕೈ ನನ್ನ ಕೈಯ ಮೇಲೆ ಬಂತು. ಬೋರ್ಡು ಹೊತ್ತು ತಂದವನ ಹೆಂಡತಿಯ ಕೈ, ಮಣ ಭಾರ. ಗಿಂಡಿ ವಾಲಿ ನೀರು ಹುಡುಗಿಯ ಸೀರೆಗೆ ಹೋಗುವುದರಲ್ಲಿತ್ತು.

"ಕೈ ಸರಿ ಹಿಡಿ ಮಾರಾಯ್ತಿ, ನೀರು ಚೆಲ್ತದೆ!" ಎಂದೆ.

ಅದೇ ಹೊತ್ತಿಗೆ ಅವಳೂ ನನಗೆ ಎಂತದೋ ಗದರಿದಳು. ಬಾಸಿಂಗ ಕಟ್ಟಿದ ಹುಡುಗ ತಡೆಯಲಾರದೆ ನಕ್ಕ.

"ಎಂತ ಅಂದಳು?" ಎಂದು ಕೇಳಿದೆ.

"ಅದೇ, ಅಜ್ಜಿ," ಎಂದ. "ಕೈ ಸರಿ ಹಿಡಿ. ನೀರು ಚೆಲ್ತದೆ."